ಗೂಗಲ್‌ನಲ್ಲಿ ಹುಡುಕೋದಾ, ಎಐನ ಕೇಳೋದಾ? ಕೋಲಾರದ ಕಡೆಯವರು ನೀವೇನು ಮಾಡ್ತೀರಿ?

ಸೈಬರ್ ಅಂಗಡಿ, ಕೋಲಾರ

ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಚಿಕ್ಕ ಆನ್‌ಲೈನ್ ಸೆಂಟರ್ ಇದೆ. ಜೆರಾಕ್ಸ್, ಪಹಣಿ ಪ್ರಿಂಟು, ಅರ್ಜಿ ತುಂಬೋದು, ಇಂಥ ಕೆಲಸ. ಮೊದಲೆಲ್ಲ ಬರೋರು "ಗೂಗಲ್‌ನಲ್ಲಿ ನೋಡಿ ಹೇಳಪ್ಪ" ಅಂತಿದ್ದರು. ಈಗ ಮಾತು ಬದಲಾಗಿದೆ. "ಆ ಎಐನ ಕೇಳಪ್ಪ, ಅದಕ್ಕೆ ಎಲ್ಲಾ ಗೊತ್ತಂತೆ" ಅಂತಾರೆ. ಕೇಳೋಕೆ ನನಗೇನು ಕಷ್ಟ? ಕೇಳ್ತೀನಿ. ಆದರೆ ಹೋದ ವಾರ ಒಂದೇ ದಿನ ಎರಡು ಸಂಗತಿ ನಡೆದವು. ಆವತ್ತಿಂದ ತಲೆ ಕೆಟ್ಟಿದೆ.

ಬೆಳಿಗ್ಗೆ ಒಬ್ಬ ಹುಡುಗ ಬಂದ. ಮನೆಯಲ್ಲಿ ಟೊಮೆಟೊ ಬಿಡಿಸಿದ್ದಾರೆ, ಇವತ್ತಿನ ರೇಟು ಬೇಕು ಅಂದ. ಅವನೇ ಮೊಬೈಲ್‌ನಲ್ಲಿ ಒಂದು ಚಾಟ್‌ಬಾಟ್‌ಗೆ ಕೇಳಿದ. ಅದು ಕ್ವಿಂಟಾಲಿಗೆ 2000 ಅಂತ ಹಿಡಿದು, "ಬಾಕ್ಸಿಗೆ 400 ರೂಪಾಯಿ" ಅಂತ ಲೆಕ್ಕ ಹಾಕಿ ಕೊಟ್ಟಿತು. ಹುಡುಗ ಖುಷಿಯಲ್ಲಿ ಅಪ್ಪನಿಗೆ ಫೋನ್ ಮಾಡಿದ. ಅಪ್ಪ ಮಂಡಿಯಲ್ಲಿ 400 ಅಂತ ಪಟ್ಟು ಹಿಡಿದು ಕೂತರು. ಎಲ್ಲರೂ ನಕ್ಕರಂತೆ. ಯಾಕೆ ಅಂದರೆ ಅದು ಬಾಕ್ಸ್ ಅಂದರೆ 20 ಕೆಜಿ ಅಂದುಕೊಂಡಿತ್ತು. ಕೋಲಾರದಲ್ಲಿ ಬಾಕ್ಸ್ ಅಂದರೆ 15 ಕೆಜಿ ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ಅಲ್ಲಿಗೇ 400 ಹೋಗಿ 300 ಆಯಿತು. ಅದರ ಮೇಲೆ ಆ ಕ್ವಿಂಟಾಲ್ ರೇಟು ಯಾವ ದಿನದ್ದು ಅಂತಾನೇ ಅದು ಹೇಳಿರಲಿಲ್ಲ.

ಸಂಜೆ ಇನ್ನೊಬ್ಬರು ಬಂದರು, ವಯಸ್ಸಾದ ಯಜಮಾನರು. ಅವರ ಅಪ್ಪ ತೀರಿಕೊಂಡು ಎಷ್ಟೋ ವರ್ಷ ಆಗಿದೆ. ಜಮೀನು ಇನ್ನೂ ಅಪ್ಪನ ಹೆಸರಲ್ಲೇ ಇದೆ. ಪೌತಿ ಖಾತೆ ಮಾಡಿಸಬೇಕು, ಹೇಗೆ ಅಂತ ಕೇಳಿದರು. ನಾನು ಗೂಗಲ್ ಮಾಡಿದೆ. ಎರಡು ವಿಡಿಯೊ, ಹಳೇ ಪೇಪರ್ ಸುದ್ದಿ, ಇಂಗ್ಲಿಷ್‌ನಿಂದ ಮೆಷಿನ್ ಅನುವಾದ ಮಾಡಿದ ಒಂದು ಪುಟ. ಅರ್ಧ ಗಂಟೆ ಹೋಯಿತು. ಅದೇ ಚಾಟ್‌ಬಾಟ್‌ಗೆ ಅವರ ಕಥೆ ಪೂರ್ತಿ ಹೇಳಿದೆ. ಇಬ್ಬರು ಅಣ್ಣತಮ್ಮಂದಿರು, ಒಬ್ಬ ಅಕ್ಕ, ಅಕ್ಕ ತೀರಿಕೊಂಡಿದ್ದಾರೆ, ಅವರಿಗೆ ಮಕ್ಕಳಿದ್ದಾರೆ ಅಂತ. ಮರಣ ಪ್ರಮಾಣ ಪತ್ರ ಯಾಕೆ ಬೇಕು, ವಂಶವೃಕ್ಷ ಎಲ್ಲಿ ಮಾಡಿಸಬೇಕು, ಅಕ್ಕನ ಮಕ್ಕಳ ಹೆಸರು ಯಾಕೆ ಬಿಡಬಾರದು, ಎಲ್ಲ ನೀಟಾಗಿ ಹೇಳಿತು. ಯಜಮಾನರು ತಲೆ ಆಡಿಸಿಕೊಂಡು ಕೇಳಿದರು.

ಅಂದರೆ ಬೆಳಿಗ್ಗೆ ದಡ್ಡ, ಸಂಜೆ ಬುದ್ಧಿವಂತ. ಯಾವಾಗ ಯಾವುದನ್ನ ನಂಬೋದು? ನಿಮ್ಮ ಅನುಭವ ಹೇಳಿ.

ಟೊಮೆಟೊ ತೋಟ, ಮುಳಬಾಗಿಲು

ಅಣ್ಣಾ, ರೇಟನ್ನ ಯಾರಾದರೂ ಎಐನ ಕೇಳ್ತಾರಾ? ಕೋಲಾರದ ಟೊಮೆಟೊ ರೇಟು ಬೆಳಿಗ್ಗೆ ಒಂದು, ಹನ್ನೊಂದು ಗಂಟೆಗೆ ಒಂದು. ಹೊರ ರಾಜ್ಯದ ಲಾರಿ ಎಷ್ಟು ಬಂದಿವೆ ಅನ್ನೋದರ ಮೇಲೆ ಅದು ನಿಂತಿರುತ್ತೆ. ಮಂಡಿಗೆ ಫೋನ್ ಮಾಡಬೇಕು, ಅಷ್ಟೇ. ಬೇಕಾದರೆ ಕೃಷಿ ಮಾರಾಟ ವಾಹಿನಿ ವೆಬ್‌ಸೈಟ್ ನೋಡಿ. ಅಲ್ಲಿ ಮಾರುಕಟ್ಟೆ ಹೆಸರು, ತಾರೀಖು, ಕನಿಷ್ಠ, ಗರಿಷ್ಠ ಎಲ್ಲ ಹಾಕಿರುತ್ತಾರೆ. ಸಂಜೆಗೆ ಹಳೇದಾಗಿರಬಹುದು, ಆದರೆ ಯಾವ ದಿನದ್ದು ಅಂತ ಬರೆದಾದರೂ ಇರುತ್ತೆ.

ಎಐ ನನಗೆ ಬೇರೆ ಕಡೆ ಉಪಯೋಗಕ್ಕೆ ಬಂದಿದೆ. ಔಷಧಿ ಡಬ್ಬಿ ಮೇಲೆ ಹೆಕ್ಟೇರಿಗೆ ಇಷ್ಟು ಅಂತ ಬರೆದಿರುತ್ತಾರೆ. ನನ್ನ ಹತ್ತಿರ ಇರೋದು 16 ಲೀಟರ್ ಟ್ಯಾಂಕು. ನಾನು ಹೀಗೆ ಕೇಳಿದೆ: "ಲೇಬಲ್‌ನಲ್ಲಿ ಹೆಕ್ಟೇರಿಗೆ 100 ಎಂಎಲ್, 500 ಲೀಟರ್ ನೀರು ಅಂತ ಇದೆ. ನನ್ನ ಟ್ಯಾಂಕಿಗೆ ಎಷ್ಟು?" ಲೀಟರಿಗೆ 0.2 ಎಂಎಲ್, 16 ಲೀಟರಿಗೆ 3.2 ಎಂಎಲ್ ಅಂತ ಹೇಳಿತು. ಪೆನ್ನು ಹಿಡಿದು ನಾನೂ ಹಾಕಿ ನೋಡಿದೆ, ಸರಿ ಇತ್ತು. ಮೊದಲು ನಾವು ಏನು ಮಾಡ್ತಿದ್ವಿ ಗೊತ್ತಾ? ಮುಚ್ಚಳದಲ್ಲಿ ಅಳೆದು ಹಾಕ್ತಿದ್ವಿ. ಒಬ್ಬೊಬ್ಬರ ಮುಚ್ಚಳ ಒಂದೊಂದು ಸೈಜು!

ಇಲ್ಲಿ ಡೋಸ್ ಹೇಳಿದ್ದು ಲೇಬಲ್, ಎಐ ಅಲ್ಲ. ಅದು ಬರೀ ಲೆಕ್ಕ ಮಾಡಿತು. ಡೋಸ್ ಎಷ್ಟು ಅಂತಾನೇ ಅದನ್ನ ಕೇಳಿದ್ದರೆ ನಾನು ಹೊಡೀತಾ ಇರಲಿಲ್ಲ.

ಅಂತರಗಂಗೆ ನೀರು

ನನ್ನ ಪ್ರಕಾರ ಎರಡೂ ವೇಸ್ಟು. ಪಕ್ಕದ ಮನೆಯವರನ್ನ ಕೇಳಿ ಸಾಕು.

ಸೈಬರ್ ಅಂಗಡಿ, ಕೋಲಾರ

ಪಕ್ಕದ ಮನೆಯವರೇ ನನ್ನ ಅಂಗಡಿಗೆ ಬಂದು ಕೇಳ್ತಾರೆ ಗುರುಗಳೇ.

ಬಂಗಾರಪೇಟೆ ಪ್ಯಾಸೆಂಜರ್

ದಿನಾ ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲಲ್ಲಿ ಓಡಾಡೋ ಸಾಫ್ಟ್‌ವೇರ್ ಕೆಲಸದವನು ನಾನು. ಸೀಟ್ ಸಿಕ್ಕಿದೆ, ಸ್ವಲ್ಪ ಉದ್ದ ಬರೀತೀನಿ.

ಇವೆರಡೂ ಒಂದೇ ಜಾತಿಯ ವಸ್ತು ಅಂದುಕೊಳ್ಳೋದರಿಂದಲೇ ಗೊಂದಲ. ಸರ್ಚ್ ಎಂಜಿನ್ ಬಸ್ ಸ್ಟ್ಯಾಂಡ್‌ನ ವಿಚಾರಣೆ ಕೌಂಟರ್ ಇದ್ದ ಹಾಗೆ. "ಚಿಂತಾಮಣಿ ಬಸ್ಸಾ? ಆ ಕಡೆ ನಿಲ್ಲುತ್ತೆ, ಹೋಗಿ" ಅನ್ನುತ್ತೆ. ತಾನು ಬಸ್ ಓಡಿಸಲ್ಲ. ಅದರ ಪ್ರೋಗ್ರಾಂ ಇಂಟರ್‌ನೆಟ್‌ನ ಪುಟಗಳನ್ನ ಒಂದೊಂದಾಗಿ ಓದಿಕೊಂಡು ಹೋಗಿ, ಯಾವ ಪದ ಯಾವ ಪುಟದಲ್ಲಿದೆ ಅಂತ ಪಟ್ಟಿ ಮಾಡಿ ಇಟ್ಟಿರುತ್ತೆ. ನೀವು ಕೇಳಿದಾಗ ಆ ಪಟ್ಟಿ ತೆಗೆದು ಸಾಲಾಗಿ ಜೋಡಿಸುತ್ತೆ. 1998ರಲ್ಲಿ ಗೂಗಲ್ ಶುರುವಾದಾಗ ಅದರ ಜಾಣತನ ಇದ್ದದ್ದೇ ಆ ಜೋಡಿಸೋದರಲ್ಲಿ. ಯಾವ ಪುಟಕ್ಕೆ ಬೇರೆ ಪುಟಗಳಿಂದ ಲಿಂಕ್ ಜಾಸ್ತಿ ಇದೆಯೋ ಅದಕ್ಕೆ ಬೆಲೆ ಜಾಸ್ತಿ ಅನ್ನೋ ಲೆಕ್ಕ.

ಚಾಟ್‌ಬಾಟ್ ಅರಳಿಕಟ್ಟೆ ಮೇಲೆ ಕೂತ ಮಾತುಗಾರ. ಊರವರು ಹೇಳಿದ್ದೆಲ್ಲ ಕೇಳಿಸಿಕೊಂಡಿದ್ದಾನೆ. ಆದರೆ ಯಾರು ಹೇಳಿದರು, ಯಾವಾಗ ಹೇಳಿದರು ಅಂತ ಬರೆದಿಟ್ಟುಕೊಂಡಿಲ್ಲ. ನೀವು ಏನು ಕೇಳಿದರೂ ಇಲ್ಲ ಅನ್ನೋದು ಕಡಿಮೆ. ಒಂದು ಪದ ಆದಮೇಲೆ ಯಾವ ಪದ ಬಂದರೆ ಮಾತು ಸರಿಹೋಗುತ್ತೆ ಅಂತ ಅಂದಾಜು ಮಾಡ್ತಾ ಹೋಗುತ್ತೆ. ಮಾತು ಸರಿಹೋಗೋದೂ ನಿಜ ಆಗೋದೂ ಬಹಳ ಸಲ ಒಂದೇ. ಕೆಲವು ಸಲ ಅಲ್ಲ. ಅದಕ್ಕೇ ಅದು ಸುಳ್ಳು ಹೇಳುವಾಗಲೂ ದನಿ ನಡುಗಲ್ಲ.

2023ರಲ್ಲಿ ನ್ಯೂಯಾರ್ಕ್‌ನಲ್ಲಿ ಇದು ಕೋರ್ಟಿಗೇ ಬಂತು. ವಿಮಾನ ಕಂಪನಿ ಮೇಲಿನ ಒಂದು ಕೇಸಲ್ಲಿ ವಕೀಲರು ಚಾಟ್‌ಜಿಪಿಟಿ ಅನ್ನೋ ಚಾಟ್‌ಬಾಟ್ ಕೊಟ್ಟ ಆರು ಹಳೇ ತೀರ್ಪುಗಳನ್ನ ತಂದು ಕೊಟ್ಟರು. ಆರಕ್ಕೆ ಆರೂ ಇಲ್ಲದ ಕೇಸುಗಳು. ತಮಾಷೆ ಏನು ಗೊತ್ತಾ? ವಕೀಲರು "ಇದು ನಿಜವಾದ ಕೇಸಾ?" ಅಂತ ಅದನ್ನೇ ಕೇಳಿದ್ದರು. ಅದು "ಹೌದು" ಅಂದಿತ್ತು. ಕೋರ್ಟು 5000 ಡಾಲರ್ ದಂಡ ಹಾಕಿತು. ಕಳ್ಳನ ಹತ್ತಿರವೇ ಸಾಕ್ಷಿ ಕೇಳಿದ ಹಾಗಾಯಿತು.

ನಿಮ್ಮ 15 ಕೆಜಿ ಬಾಕ್ಸಿನ ಕಥೆಯೂ ಇದೇ ಅಣ್ಣ. ಬೇರೆ ಮಾರುಕಟ್ಟೆಗಳಲ್ಲಿ 20 ಕೆಜಿ ಕ್ರೇಟಿನ ಲೆಕ್ಕ ನಡೆಯುತ್ತೆ. ಅದು ಎಲ್ಲೋ ಅದನ್ನೇ ಜಾಸ್ತಿ ಓದಿರುತ್ತೆ. ಇದು ಕೋಲಾರ ಅಂತ ನೆನಪಿಟ್ಟುಕೊಂಡು ಮಾತಾಡೋಕೆ ಅದು ಎಪಿಎಂಸಿ ಗೇಟು ದಾಟಿ ಬಂದಿಲ್ಲ.

ನಿವೃತ್ತ ಮೇಷ್ಟ್ರು, ಮಾಲೂರು

ಮೂವತ್ತಮೂರು ವರ್ಷ ಕನ್ನಡ ಪಾಠ ಮಾಡಿದವನು. ಮೊಮ್ಮಗಳು ಎಂಟನೇ ಕ್ಲಾಸು. ಅವಳ ಹೋಂವರ್ಕ್ ನೆಪದಲ್ಲಿ ನಾನೂ ಈ ಚಾಟ್‌ಬಾಟ್ ಪರೀಕ್ಷೆ ಮಾಡಿದೆ.

ಮೊದಲು ಸುಲಭದ ಪ್ರಶ್ನೆ. ಮಾಸ್ತಿಯವರು ಎಲ್ಲಿ ಹುಟ್ಟಿದರು? "ಮಾಸ್ತಿ ಗ್ರಾಮ" ಅಂತು. ಹೆಸರು ನೋಡಿ ಹೇಳಿದ್ದು. ಅವರು ಹುಟ್ಟಿದ್ದು ನಮ್ಮ ತಾಲ್ಲೂಕಿನ ಹುಂಗೇನಹಳ್ಳಿ, 1891ರಲ್ಲಿ. ಸರ್ಚ್ ಮಾಡಿದರೆ ಮೊದಲ ಪುಟದಲ್ಲೇ ಸಿಕ್ಕಿತು.

ಆಮೇಲೆ ಇನ್ನೊಂದು ಕೇಳಿದೆ. ನಮ್ಮ ಮುಳಬಾಗಿಲಿನ ಡಿವಿಜಿಯವರ ಒಂದು ಚೌಪದಿ ಹೇಳು, ತಾಳ್ಮೆ ಬಗ್ಗೆ ಇರಲಿ ಅಂದೆ. ತಕ್ಷಣ ನಾಲ್ಕು ಸಾಲು ಬಂತು. ಮೊಮ್ಮಗಳು ಬರೆದುಕೊಳ್ಳೋಕೆ ಪೆನ್ನು ತೆಗೆದಳು. ನಾನು ಒಂದು ನಿಮಿಷ ಇರು ಅಂದೆ. ಓದಿದರೆ ಎಲ್ಲೋ ಕಾಲಿಗೆ ಕಲ್ಲು ತಾಗಿದ ಹಾಗೆ. ಮತ್ತೆ ಓದಿದೆ. ಪ್ರಾಸ ಇಲ್ಲ! ಡಿವಿಜಿಯವರ ಆ ಪದ್ಯಗಳಲ್ಲಿ ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರುತ್ತೆ. ಇದರಲ್ಲಿ ಮೊದಲ ಸಾಲಲ್ಲಿ 'ಳ', ಎರಡನೇದರಲ್ಲಿ 'ನ', ಮೂರನೇದರಲ್ಲಿ ಇನ್ನೇನೋ. ಪದ್ಯ ಅವರದ್ದಲ್ಲವೇ ಅಲ್ಲ. ಸುಮ್ನೆ ಕಟ್ಟಿದ್ದು. ಆದರೆ ಕೊನೆಯಲ್ಲಿ ಅವರ ಅಂಕಿತ ಮಾತ್ರ ತಪ್ಪದೆ ಹಾಕಿತ್ತು ನೋಡಿ! ಅಂಗಡಿಯ ಬೋರ್ಡು ಸರಿ ಇದೆ, ಒಳಗಿನ ಸರಕು ಬೇರೆ.

ನನಗೆ ಪ್ರಾಸ ಗೊತ್ತಿತ್ತು, ಹಿಡಿದೆ. ಮೊಮ್ಮಗಳಿಗೆ ಗೊತ್ತಿರಲಿಲ್ಲ. ಇದೇ ನನ್ನ ಚಿಂತೆ. ವಿಷಯ ಗೊತ್ತಿರೋರಿಗೆ ಇದು ಒಳ್ಳೇ ಆಳು. ಗೊತ್ತಿಲ್ಲದವರಿಗೆ ಯಜಮಾನ ಆಗಿಬಿಡುತ್ತೆ.

ಆದರೂ ಒಂದು ಒಳ್ಳೇ ಮಾತು ಹೇಳಲೇಬೇಕು. ವ್ಯಾಕರಣದಲ್ಲಿ ಸಂಧಿ ಅರ್ಥ ಆಗಲಿಲ್ಲ ಅಂತ ಅವಳು ನಾಲ್ಕು ಸಲ ಕೇಳಿದಳು. ನಾಲ್ಕು ಸಲವೂ ಬೇಜಾರಿಲ್ಲದೆ ಬೇರೆ ಬೇರೆ ಉದಾಹರಣೆ ಕೊಟ್ಟಿತು. ನಾನಾಗಿದ್ದರೆ ಎರಡನೇ ಸಲಕ್ಕೇ ಬೆಂಚ್ ಮೇಲೆ ನಿಲ್ಲಿಸುತ್ತಿದ್ದೆ.

ರೇಷ್ಮೆ ಮನೆ, ಶಿಡ್ಲಘಟ್ಟ

ಮೇಷ್ಟ್ರೇ ನಮಸ್ಕಾರ. ನಾನು ಓದಿದ್ದು ಏಳನೇ ಕ್ಲಾಸು. ನನಗೆ ಗೂಗಲ್‌ಗಿಂತ ಇದೇ ಹತ್ತಿರ ಆಯಿತು. ಯಾಕೆ ಅಂದರೆ ಟೈಪ್ ಮಾಡಬೇಕಾಗಿಲ್ಲ, ಮೈಕ್ ಒತ್ತಿ ಮಾತಾಡಿದರೆ ಸಾಕು. ನಮ್ಮ ಮನೆ ಕನ್ನಡದಲ್ಲಿ ಅರ್ಧ ತೆಲುಗು ಇರುತ್ತೆ. ಅದಕ್ಕೂ ಹೇಗೋ ಅರ್ಥ ಮಾಡಿಕೊಳ್ಳುತ್ತೆ. ಗೂಗಲ್‌ನಲ್ಲಿ ಹುಡುಕೋಕೆ ಮೊದಲು ಏನು ಹುಡುಕಬೇಕು ಅಂತ ಗೊತ್ತಿರಬೇಕು ಅಲ್ವಾ? ನನಗೆ ರೋಗದ ಹೆಸರೇ ಗೊತ್ತಿಲ್ಲ ಅಂದರೆ ಏನಂತ ಹುಡುಕಲಿ?

ನಾಲ್ಕನೇ ಜ್ವರ, ಅಂದರೆ ರೇಷ್ಮೆ ಹುಳ ಪೊರೆ ಬಿಡೋ ನಿದ್ದೆ, ಎದ್ದ ಮೇಲೆ ಕೆಲವು ಹುಳದ ಮೈಮೇಲೆ ಕಪ್ಪು ಮಚ್ಚೆ ಕಂಡಿತು. ಹೇಗಿದೆಯೋ ಹಾಗೇ ಹೇಳಿದೆ. ಊಜಿ ನೊಣ ಇರಬಹುದು, ಅದು ಹುಳದ ಮೇಲೆ ಮೊಟ್ಟೆ ಇಡುತ್ತೆ, ಕಿಟಕಿ ಬಾಗಿಲಿಗೆ ನೈಲಾನ್ ಪರದೆ ಇದೆಯಾ ನೋಡಿ ಅಂತು. ಹೋಗಿ ನೋಡಿದರೆ ಹಿಂದಿನ ಕಿಟಕಿ ಪರದೆ ಮೂಲೆಯಲ್ಲಿ ಹರಿದಿತ್ತು. ಬೆಕ್ಕಿನ ಕೆಲಸ.

ಆದರೆ ಅದರ ಕನ್ನಡ ಒಂಥರಾ. ಗೂಡು ಕಟ್ಟೋಕೆ ರೆಡಿಯಾದ ಹುಳಕ್ಕೆ ನಾವು ಹುಳ ಹಣ್ಣಾಯಿತು ಅಂದರೆ ಅದಕ್ಕೆ ಗೊತ್ತಾಗಲ್ಲ. "ಪಕ್ವಗೊಂಡ ರೇಷ್ಮೆ ಹುಳುಗಳು" ಅನ್ನುತ್ತೆ. ಹುಳ ಗೂಡು ಕಟ್ಟೋ ಬಿದಿರಿನ ತಟ್ಟೆ ಚಂದ್ರಿಕೆಯನ್ನ ಯಾರೋ ಹೆಂಗಸಿನ ಹೆಸರು ಅಂದುಕೊಂಡು "ಚಂದ್ರಿಕೆ ಅವರಿಗೆ ತಿಳಿಸಿ" ಅಂತ ಹೇಳಿತು! ಮನೆಯವರೆಲ್ಲ ಬಿದ್ದು ಬಿದ್ದು ನಕ್ಕೆವು.

ಟೊಮೆಟೊ ತೋಟ, ಮುಳಬಾಗಿಲು

ಹಹಹ. ಅಕ್ಕಾ, ಚಂದ್ರಿಕೆ ಅವರು ಗೂಡು ಕಟ್ಟೋಕೆ ಜಾಗ ಕೊಟ್ಟರಾ?

ಬಂಗಾರಪೇಟೆ ಪ್ಯಾಸೆಂಜರ್

ಅಕ್ಕ ಹೇಳಿದ್ದು ಬಹಳ ಸರಿ. ಹೆಸರು ಗೊತ್ತಿಲ್ಲದ್ದನ್ನ ಹುಡುಕೋಕೆ ಚಾಟ್‌ಬಾಟ್, ಹೆಸರು ಸಿಕ್ಕಮೇಲೆ ಅದನ್ನ ಖಾತ್ರಿ ಮಾಡಿಕೊಳ್ಳೋಕೆ ಸರ್ಚು. ನಾನೂ ಹಾಗೇ ಮಾಡೋದು.

ಕನ್ನಡದ ವಿಷಯ. ಈ ಎಐಗಳು ಕಲಿತ ಬರಹದಲ್ಲಿ ಇಂಗ್ಲಿಷ್ ಬೆಟ್ಟದಷ್ಟು, ಕನ್ನಡ ಗುಡ್ಡೆಯಷ್ಟು. ಆ ಗುಡ್ಡೆಯಲ್ಲೂ ಪುಸ್ತಕದ ಕನ್ನಡ, ಪೇಪರಿನ ಕನ್ನಡ ಜಾಸ್ತಿ. ರೇಷ್ಮೆ ಮನೆಯ ಮಾತನ್ನ ಇಂಟರ್‌ನೆಟ್‌ನಲ್ಲಿ ಬರೆದವರು ಎಷ್ಟು ಜನ? ಇನ್ನೊಂದು, ಇವು ಪದವನ್ನ ಇಡಿಯಾಗಿ ನುಂಗಲ್ಲ, ಚೂರು ಮಾಡಿಕೊಂಡು ಓದುತ್ತವೆ. ಇಂಗ್ಲಿಷ್ ಪದ ಒಂದೆರಡು ಚೂರಲ್ಲಿ ಮುಗಿಯುತ್ತೆ, ನಮ್ಮ ಪದಕ್ಕೆ ಜಾಸ್ತಿ ಚೂರು ಬೇಕು. ಮೇಷ್ಟ್ರ ಪದ್ಯದಲ್ಲಿ ಎರಡನೇ ಅಕ್ಷರ ತಪ್ಪೋದಕ್ಕೆ ಇದೂ ಒಂದು ಕಾರಣ ಇರಬಹುದು. ನಾವು ನೋಡೋ ಹಾಗೆ ಅದು ಅಕ್ಷರ ನೋಡಲ್ಲ.

ಸರ್ಚ್‌ನಲ್ಲೂ ಕನ್ನಡದ ಕಷ್ಟ ತಪ್ಪಿಲ್ಲ ಬಿಡಿ. ಸೈಬರ್ ಅಣ್ಣ ಹೇಳಿದ ಹಾಗೆ ಮೆಷಿನ್ ಅನುವಾದದ ಪುಟಗಳು ಎಷ್ಟೋ.

ನರ್ಸಿಂಗ್ ಓದೋಳು, ಚಿಂತಾಮಣಿ

ಎಲ್ಲರೂ ಎಐನ ತಪ್ಪೇ ಹೇಳ್ತಿದ್ದೀರಿ. ಸರ್ಚ್ ತಪ್ಪಿದ ಕಥೆ ನನ್ನ ಹತ್ತಿರ ಇದೆ.

ನಮ್ಮ ಕಡೆ ಬೋರ್‌ವೆಲ್ ಸಾವಿರ ಅಡಿ ದಾಟಿರುತ್ತೆ, ನೀರಲ್ಲಿ ಫ್ಲೋರೈಡ್ ಸಮಸ್ಯೆ ಗೊತ್ತೇ ಇದೆ. ಅಜ್ಜಿಗೆ ಮಂಡಿ ನೋವು. ಅದಕ್ಕೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ, ನೀರಂತೂ ಟೆಸ್ಟ್ ಮಾಡಿಸಿದೆವು. ರಿಪೋರ್ಟ್‌ನಲ್ಲಿ ಇಪ್ಪತ್ತು ಸಾಲು. ಫ್ಲೋರೈಡ್ ಲೀಟರಿಗೆ 2.1 ಮಿಲಿಗ್ರಾಂ. ಫ್ಲೋರೈಡ್ ನೀರಿಗೆ ಏನು ಮಾಡಬೇಕು ಅಂತ ಹುಡುಕಿದರೆ ಮೇಲುಗಡೆಯೇ ಬಂದ ಒಂದು ಆರೋಗ್ಯದ ಪುಟ "ಚೆನ್ನಾಗಿ ಕುದಿಸಿ ಕುಡಿಯಿರಿ" ಅಂತು. ಅಮ್ಮ ಒಂದು ವಾರ ಗ್ಯಾಸ್ ಸುಟ್ಟು ಕುದಿಸಿದರು.

ಆಮೇಲೆ ರಿಪೋರ್ಟನ್ನ ಸಾಲು ಸಾಲಾಗಿ ಚಾಟ್‌ಬಾಟ್‌ಗೆ ಓದಿ ಹೇಳಿದೆ. ಇದರಲ್ಲಿ ಯಾವುದು ಮುಖ್ಯ ಅಂತ ಕೇಳಿದೆ. ಫ್ಲೋರೈಡ್ ಒಂದೇ ಮಿತಿ ದಾಟಿದೆ, ಕುದಿಸಿದರೆ ಹೋಗಲ್ಲ, ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಜಾಸ್ತಿಯೇ ಆಗುತ್ತೆ, ಆರ್‌ಒ ಫಿಲ್ಟರ್ ಇದ್ದರೆ ಕಡಿಮೆ ಆಗುತ್ತೆ ಅಂತ ಹೇಳಿತು. ನಂಬಿ ಕೂರಲಿಲ್ಲ. ನಮ್ಮ ಮೇಡಂನ ಕೇಳಿದೆ, ಸರಿ ಅಂದರು. ಕುಡಿಯೋ ನೀರಿನ ಭಾರತದ ಮಾನದಂಡ ತೆಗೆದು ನೋಡಿದೆ. ಇರಬೇಕಾದ್ದು 1.0, ಬೇರೆ ನೀರು ಸಿಗದೇ ಇದ್ದಾಗ ಹೆಚ್ಚೆಂದರೆ 1.5. ಆ ಮಾನದಂಡ ಸಿಕ್ಕಿದ್ದು ಮಾತ್ರ ಸರ್ಚ್‌ನಲ್ಲೇ.

ಈಗ ಅಜ್ಜಿಗೆ ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರ್ತೀವಿ. ಮಾತ್ರೆ ವಿಷಯ ಮಾತ್ರ ನಾನು ಎರಡನ್ನೂ ಕೇಳಲ್ಲ. ಅಜ್ಜಿಗೆ ಬಿಪಿ ಇದೆ, ಶುಗರ್ ಇದೆ. ಡಾಕ್ಟರು ಅಷ್ಟೇ.

ಸೈಬರ್ ಅಂಗಡಿ, ಕೋಲಾರ

ಸರ್ಚ್ ತಪ್ಪು ಅಂದಾಗ ನೆನಪಾಯಿತು. ನನ್ನ ಗಿರಾಕಿ ಒಬ್ಬರಿಗೆ ಹಣ ಕಳಿಸಿದ್ದು ಅರ್ಧದಲ್ಲಿ ನಿಂತಿತ್ತು. ಕಸ್ಟಮರ್ ಕೇರ್ ನಂಬರ್ ಹುಡುಕಿದರು. ಮೊದಲು ಬಂದ ನಂಬರಿಗೆ ಫೋನ್ ಮಾಡಿದರು. ಆ ಕಡೆಯವನು ಬಹಳ ಮರ್ಯಾದೆಯಿಂದ "ಒಂದು ಆ್ಯಪ್ ಹಾಕಿಕೊಳ್ಳಿ ಸರ್" ಅಂದ. ಹತ್ತು ನಿಮಿಷದಲ್ಲಿ ಖಾತೆಯಿಂದ ಹದಿನೆಂಟು ಸಾವಿರ ಹೋಯಿತು. ನನ್ನ ಹತ್ತಿರ ಓಡಿ ಬಂದರು. ಸೈಬರ್ ವಂಚನೆ ದೂರಿನ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದೆ. ಬೇಗ ಹೇಳಿದ್ದಕ್ಕೆ ಸ್ವಲ್ಪ ಹಣ ತಡೆಹಿಡಿದರು, ಪೂರ್ತಿ ಅಲ್ಲ.

ಆ ನಂಬರ್ ಕಳ್ಳರು ಹಾಕಿದ್ದು. ಮೇಲೆ ಬಂದದ್ದೆಲ್ಲ ನಿಜ ಅಂತ ಅವರು ಅಂದುಕೊಂಡಿದ್ದರು. ಈಗ ನಾನು ಎಲ್ಲರಿಗೂ ಹೇಳೋದು ಇಷ್ಟೇ: ನಂಬರ್ ಬೇಕಾದರೆ ಪಾಸ್‌ಬುಕ್ ಹಿಂದೆ ನೋಡಿ, ಕಾರ್ಡ್ ಹಿಂದೆ ನೋಡಿ. ಸರ್ಚೂ ಬೇಡ, ಎಐನೂ ಬೇಡ.

ಇನ್ನೊಂದು. ಕೆಲವರು ಆಧಾರ್ ಫೋಟೋ, ಪಾಸ್‌ಬುಕ್ ಫೋಟೋ ತೆಗೆದು "ಇದರಲ್ಲಿ ಏನು ತಪ್ಪಿದೆ ನೋಡು" ಅಂತ ಚಾಟ್‌ಬಾಟ್‌ಗೆ ಹಾಕ್ತಾರೆ. ದಯವಿಟ್ಟು ಬೇಡ. ನಂಬರ್ ಮುಚ್ಚಿ ಹಾಕಿ, ಇಲ್ಲ ಅಂದರೆ ಬಾಯಲ್ಲಿ ಹೇಳಿ.

ಅಂತರಗಂಗೆ ನೀರು

ಈಗ ಗೂಗಲ್ ಮಾಡಿದರೂ ಮೇಲೆ ಎಐ ಉತ್ತರವೇ ಬರುತ್ತಲ್ಲ. ಆಮೇಲೆ ನೀವು ಆರಿಸೋದೇನು ಬಂತು?

ಬಂಗಾರಪೇಟೆ ಪ್ಯಾಸೆಂಜರ್

ಮೊದಲ ಸಲ ಒಳ್ಳೇ ಪ್ರಶ್ನೆ ಕೇಳಿದಿರಿ! 2022ರ ನವೆಂಬರ್ 30ಕ್ಕೆ ಚಾಟ್‌ಜಿಪಿಟಿ ಬಂದಾಗ ಎರಡೂ ಬೇರೆ ಬೇರೆ ಇದ್ದವು. ಈಗ ಇವರು ಅವರ ಮನೆಗೆ, ಅವರು ಇವರ ಮನೆಗೆ ಹೋಗಿಬಿಟ್ಟಿದ್ದಾರೆ. 2024ರಲ್ಲಿ ಗೂಗಲ್ ತನ್ನ ಫಲಿತಾಂಶದ ಮೇಲೆ ಎಐ ಸಾರಾಂಶ ಹಾಕೋಕೆ ಶುರು ಮಾಡಿತು. ಚಾಟ್‌ಜಿಪಿಟಿಯೂ ಇಂಟರ್‌ನೆಟ್‌ನಲ್ಲಿ ಹುಡುಕಿ ಲಿಂಕ್ ಕೊಡೋಕೆ ಶುರು ಮಾಡಿತು. ಆ ಗೂಗಲ್ ಸಾರಾಂಶ ಬಂದ ಹೊಸದರಲ್ಲಿ, ಪಿಜ್ಜಾ ಮೇಲೆ ಚೀಸ್ ಅಂಟಿಕೊಳ್ಳೋಕೆ ಗೋಂದು ಹಾಕಿ ಅಂತ ಹೇಳಿ ಪ್ರಪಂಚದಲ್ಲೆಲ್ಲ ನಗೆಪಾಟಲಾಯಿತು. ಯಾರೋ ಎಷ್ಟೋ ವರ್ಷದ ಹಿಂದೆ ತಮಾಷೆಗೆ ಬರೆದದ್ದನ್ನ ನಿಜ ಅಂತ ಎತ್ತಿಕೊಂಡಿತ್ತು. ನಮ್ಮ ಬಂಗಾರಪೇಟೆ ಪಾನಿಪುರಿಗೆ ಇನ್ನೂ ಏನೂ ಹಾಕಿಲ್ಲ, ಪುಣ್ಯ.

ಹಾಗಾಗಿ ನಾನು ಆ್ಯಪ್ ಹೆಸರು ನೋಡಲ್ಲ. ಉತ್ತರದ ಕೆಳಗೆ ಲಿಂಕ್ ಇದೆಯಾ ನೋಡ್ತೀನಿ. ಇದ್ದರೆ ಒತ್ತಿ ಒಳಗೆ ಹೋಗ್ತೀನಿ. ಎಷ್ಟೋ ಸಲ ಲಿಂಕಿನ ಪುಟದಲ್ಲಿ ಆ ಮಾತೇ ಇರಲ್ಲ! ಇದನ್ನ ಮಾಡದೇ ಇದ್ದರೆ ಲಿಂಕ್ ಇದ್ದೂ ಒಂದೇ, ಇಲ್ಲದಿದ್ದರೂ ಒಂದೇ. ಸ್ಟೇಷನ್ ಬಂತು, ಆಮೇಲೆ ಸಿಗ್ತೀನಿ.

ನಿವೃತ್ತ ಮೇಷ್ಟ್ರು, ಮಾಲೂರು

ಸೈಬರ್ ಅಂಗಡಿಯವರೇ, ಆ ಪೌತಿ ಖಾತೆ ಯಜಮಾನರ ಕಥೆ ಏನಾಯಿತು? ಅದನ್ನ ಹೇಳದೆ ಬಿಟ್ಟಿರಿ.

ಸೈಬರ್ ಅಂಗಡಿ, ಕೋಲಾರ

ಮೇಷ್ಟ್ರೇ, ಇವತ್ತೇ ಮತ್ತೆ ಬಂದಿದ್ದರು. ಚಾಟ್‌ಬಾಟ್ ಹೇಳಿದ ಪಟ್ಟಿಯನ್ನ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದೆ. ಅದರಲ್ಲಿದ್ದ ಕಾಗದ ಎಲ್ಲ ಜೋಡಿಸಿಕೊಂಡು ನಾಡಕಚೇರಿಗೆ ಹೋದರಂತೆ. ಅಲ್ಲಿ ಪಟ್ಟಿ ಸರಿ ಇದೆ ಅಂದರು. ಆದರೆ ಪಹಣಿಯಲ್ಲಿ ಅಪ್ಪನ ಹೆಸರಿನ ಮುಂದೆ 'ದೊಡ್ಡ' ಅಂತ ಇದೆ, ಮರಣ ಪ್ರಮಾಣ ಪತ್ರದಲ್ಲಿ 'ದೊಡ್ಡ' ಇಲ್ಲ. ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ತನ್ನಿ ಅಂದರು. ಇದು ಗೂಗಲ್‌ನಲ್ಲೂ ಇರಲಿಲ್ಲ, ಎಐನೂ ಕೇಳಲಿಲ್ಲ, ಎರಡೂ ಕಾಗದ ಕೈಯಲ್ಲಿ ಹಿಡಿದಿದ್ದ ನನ್ನ ಕಣ್ಣಿಗೂ ಬೀಳಲಿಲ್ಲ. ಅಪ್ಪನಿಗೆ ಅದೇ ಹೆಸರಿನ ಒಬ್ಬ ತಮ್ಮ ಇದ್ದರಂತೆ, ಅವರನ್ನ 'ಚಿಕ್ಕ' ಅಂತ ಕರೀತಿದ್ದರಂತೆ. ಊರವರಿಗೆಲ್ಲ ಗೊತ್ತು.

ಅಫಿಡವಿಟ್ ಮಾದರಿ ಚಾಟ್‌ಬಾಟ್ ಹತ್ತಿರವೇ ಬರೆಸಿದೆ, ಚೆನ್ನಾಗೇ ಬರೆದಿದೆ. "ಸದರಿ ವ್ಯಕ್ತಿಯು" ಅಂತೆಲ್ಲ ನನಗೆ ಬರೆಯೋಕೆ ಬರಲ್ಲ. ಸರ್ವೆ ನಂಬರ್ ಮಾತ್ರ ನಾನೇ ಪಹಣಿ ನೋಡಿ ಎರಡು ಸಲ ತಾಳೆ ಮಾಡಿ ಹಾಕಿದೆ. ಯಜಮಾನರು ಛಾಪಾ ಕಾಗದ ತರೋಕೆ ಹೋಗಿದ್ದಾರೆ. ಕರೆಂಟ್ ಹೋಗೋದರೊಳಗೆ ಪ್ರಿಂಟ್ ತೆಗೆಯಬೇಕು.